ಅಣ್ಣನ ಎಡೆಗೆ ವಿಮಾನದ ಆಟ

ಬದುಕಿರುವವರಿಗೆ ಏನಿಷ್ಟ ಎಂದು ತಿಳಿಯಬೇಕಾದರೆ ಅವರನ್ನೇ ಕೇಳಬಹುದು. ಸತ್ತವರ ಇಷ್ಟವನ್ನು ಉಳಿದವರು ಕೂತು ತೀರ್ಮಾನಿಸಬೇಕಾಗುತ್ತದೆ. ಅದಕ್ಕೆಂದೇ ನಮ್ಮ ಕಡೆ ವರ್ಷಕ್ಕೊಮ್ಮೆ ಹಿರಿಯರ ಹಬ್ಬ ಬರುತ್ತದೆ. ಮಹಾಲಯ ಅಮಾವಾಸ್ಯೆಯ ದಿನ ತೀರಿಹೋದವರ ಹೆಸರಿನಲ್ಲಿ ಕಳಸ ಇಟ್ಟು, ಹೊಸ ಬಟ್ಟೆ ಮಡಿಸಿಟ್ಟು, ಬಾಳೆ ಎಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುತ್ತೇವೆ. ಬರೀ ಅಡುಗೆ ಸಾಲದು. ನಮ್ಮಪ್ಪನ ಎಡೆಗೆ ಬೀಡಿ ಕಟ್ಟು, ಬೆಂಕಿಪೊಟ್ಟಣ; ಅಜ್ಜಿಯ ಎಡೆಗೆ ಎಲೆ, ಅಡಿಕೆ, ಕಡ್ಡಿಪುಡಿ. ಎದುರು ಮನೆಯ ರುದ್ರಕ್ಕ ಗಂಡ ಬದುಕಿದ್ದಷ್ಟು ಕಾಲವೂ ಅವನ ಬಾಟಲಿಗಳನ್ನು ಹುಡುಕಿ ಹುಡುಕಿ ಚರಂಡಿಗೆ ಸುರಿದವಳು. ಈಗ ಹಬ್ಬದ ದಿನ ತಾನೇ ಬ್ರಾಂದಿ ತರಿಸಿ ಎಡೆಗಿಡುತ್ತಾಳೆ. ಇಟ್ಟ ಮೇಲೆ ಮಗನಿಗೆ, "ಮುಚ್ಳ ಸಡ್ಲ ಮಾಡಿಡಲೇ, ಅವ್ರಿಗೆ ಕೈ ನಡುಗ್ತೈತೆ" ಅನ್ನುತ್ತಾಳೆ. ಸತ್ತ ಗಂಡಸರಿಗೆ ಸಿಗುವ ಈ ಮರ್ಯಾದೆ ನೋಡಿದಾಗ ಬದುಕಿರುವ ನನ್ನಂಥವನಿಗೆ ಸ್ವಲ್ಪ ಹೊಟ್ಟೆ ಉರಿಯುವುದೂ ಉಂಟು.

ಈ ಸಲ ಆ ಸಾಲಿಗೆ ನಮ್ಮಣ್ಣ ತಿಪ್ಪೇಶನೂ ಸೇರಿದ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಎದೆ ಹಿಡಿದುಕೊಂಡ ಹಾಗೆ ಆಗುತ್ತಿದೆ, ಒಂದು ಲೋಟ ನೀರು ಕೊಡು ಎಂದು ಕುರ್ಚಿಯಲ್ಲಿ ಕೂತ. ಅತ್ತಿಗೆ ನೀರು ತರುವಷ್ಟರಲ್ಲಿ ಅವನಿರಲಿಲ್ಲ. ಹೊಸದುರ್ಗದ ನಮ್ಮ ಮನೆಯಲ್ಲಿ ಈಗ ಉಳಿದವರು ಅವ್ವ, ಅತ್ತಿಗೆ ಮತ್ತು ನಾನು. ಅಣ್ಣನ ಮಗಳು ರೂಪ ಸಿರಿಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ರಜೆಗೆ ಬರುತ್ತಾಳೆ. ನಾನು ತೆಂಗಿನ ತೋಟದವರ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿ ಕೊಡುವವನು. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಊರಲ್ಲಿ ಈಗ ಯಾರೂ ಕೇಳುವುದಿಲ್ಲ. ಕೇಳುವುದನ್ನು ನಿಲ್ಲಿಸಿದ್ದಾರೆ ಎಂಬುದೇ ಅದಕ್ಕೆ ಉತ್ತರ.

ಹಬ್ಬ ಹತ್ತಿರ ಬಂದಾಗ ತೊಂದರೆ ಶುರುವಾಯಿತು. ಅಣ್ಣನಿಗೆ ಏನಿಷ್ಟ? ಮುದ್ದೆಯಾದರೂ ಸೈ, ಅನ್ನವಾದರೂ ಸೈ, ತಟ್ಟೆಯ ಕಡೆ ನೋಡದೆ ಉಂಡು ಏಳುತ್ತಿದ್ದವನು ಅವನು. ಹೊಸ ಅಂಗಿ ಕೊಟ್ಟರೆ ಹಳೆಯದು ಹರಿಯುವ ತನಕ ಮುಟ್ಟುತ್ತಿರಲಿಲ್ಲ. ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ. ಅತ್ತಿಗೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಸೆರಗಿನ ತುದಿ ಹಿಂಡುತ್ತ ನನ್ನ ಕಡೆ ನೋಡಿ, "ಉಪ್ಪು ಮರೆತಿದ್ರೂ ಉಂಡು ಹೋಗೋರು, ಮಂಜಣ್ಣ. ಇಷ್ಟು ವರ್ಷ ಬಡಿಸಿದೀನಿ, ಅವ್ರಿಗೆ ಏನಿಷ್ಟ ಅಂತ ನಂಗೆ ಗೊತ್ತಿಲ್ವಲ್ಲ. ಮನೆಗೆ ಬಂದು ಎಡೆ ನೋಡಿ ಹಂಗೇ ವಾಪಸ್ ಹೋಗ್ಬಿಟ್ರೆ?" ಅಂದಳು.

ನಮ್ಮ ಮನೆಯಲ್ಲಿ ಇದು ಸುಮ್ಮನೆ ಆಡುವ ಮಾತಲ್ಲ. ಇಷ್ಟದ್ದು ಕಾಣದಿದ್ದರೆ ಹಿರಿಯರು ಹೊಸ್ತಿಲ ಹತ್ತಿರವೇ ತಿರುಗಿ ಹೋಗುತ್ತಾರೆ, ಆಮೇಲೆ ವರ್ಷವಿಡೀ ಹಸಿದಿರುತ್ತಾರೆ ಎಂದು ಅವ್ವ ನಂಬುತ್ತಾಳೆ. ನಾನು ನಂಬುವುದಿಲ್ಲ. ಆದರೆ ಅಣ್ಣ ವರ್ಷವಿಡೀ ಹಸಿದಿರುತ್ತಾನೆ ಎನ್ನುವ ಮಾತು ಕೇಳಿದ ಮೇಲೆ ನನಗೆ ಅಂಗಡಿಯಲ್ಲಿ ಕೈ ಓಡಲಿಲ್ಲ. ಅವತ್ತು ಒಂದು ಮೋಟಾರಿಗೆ ತಂತಿಯನ್ನು ಉಲ್ಟಾ ಸುತ್ತಿದೆ. ಅದು ನೀರು ಎತ್ತುವ ಬದಲು ಸುಮ್ಮನೆ ಹಿಂದು ಮುಂದಾಗಿ ತಿರುಗಿತು. ತೋಟದವರು ಬಂದು, "ಏನಪ್ಪ, ನಮ್ ಬಾವಿಗೆ ವಾಪಸ್ ನೀರು ತುಂಬ್ಸೋ ಯೋಚ್ನೆನಾ?" ಎಂದು ಕೇಳಿ ಹೋದರು.

ಕೊನೆಗೆ ದಾರಿ ತೋರಿಸಿದವಳು ಅವ್ವ. "ಅವ್ನಿಗೆ ಆ ಟುಯ್ ಟುಯ್ ಆಟ ಬಿಟ್ರೆ ಬ್ಯಾರೆ ಏನಿಷ್ಟ ಇತ್ತಲೇ? ಅದನ್ನೇ ಇಡ್ರಿ" ಅಂದಳು.

ಅವ್ವ ಹೇಳಿದ ಟುಯ್ ಟುಯ್ ಆಟ ಎಂದರೆ ವಿಡಿಯೋ ಗೇಮು. ಅಣ್ಣ ಹರೆಯದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ. ಬೀರುವಿನಷ್ಟು ಎತ್ತರದ ಮೂರು ಮಶೀನು, ಒಂದು ಟೇಬಲ್ ಫ್ಯಾನು, ಬಾಗಿಲಿಗೆ ಕಪ್ಪು ಪರದೆ. ಬಿಲ್ಲೆ ಹಾಕಿದರೆ ಆಟ, ಸತ್ತರೆ ಇನ್ನೊಂದು ಬಿಲ್ಲೆ. ಅವುಗಳಲ್ಲಿ ಅಣ್ಣನ ಪ್ರಾಣ ಇದ್ದದ್ದು ವಿಮಾನದ ಆಟದಲ್ಲಿ. ಕೆಳಗಿಂದ ಒಂದು ಪುಟ್ಟ ಹಸಿರು ವಿಮಾನ ಮೇಲಕ್ಕೆ ಹೋಗುತ್ತಿರುತ್ತದೆ, ಮೇಲಿಂದ ಶತ್ರು ವಿಮಾನಗಳು ಹಿಂಡು ಹಿಂಡಾಗಿ ಇಳಿಯುತ್ತವೆ, ಗುಂಡು ಹಾರಿಸುತ್ತ ತಪ್ಪಿಸಿಕೊಳ್ಳಬೇಕು. ಗಿರಾಕಿ ಇಲ್ಲದಾಗ ಅಣ್ಣ ಆಡುತ್ತಿದ್ದ. ಗಿರಾಕಿ ಇದ್ದಾಗ ಅವರ ಬೆನ್ನ ಹಿಂದೆ ನಿಂತು, "ಎಡಕ್ಕೆ ಬಾರಲೇ, ಎಡಕ್ಕೆ! ಏ, ಹೋತು!" ಎಂದು ಅವರಿಗಿಂತ ಹೆಚ್ಚು ಬೆವರುತ್ತಿದ್ದ. ಸಂಜೆ ತೋಟಗಳಲ್ಲೆಲ್ಲ ಪಂಪ್‌ಸೆಟ್ ಶುರುವಾದರೆ ವೋಲ್ಟೇಜು ಬಿದ್ದು ಮಶೀನಿನ ಚಿತ್ರ ಕುಗ್ಗಿ ಅಂಗೈಯಗಲ ಆಗುತ್ತಿತ್ತು. ಆಗಲೂ ಅಣ್ಣ ಕಣ್ಣು ಕಿರಿದು ಮಾಡಿಕೊಂಡು ಆಡುತ್ತಿದ್ದ. ವಿಮಾನ ಸಣ್ಣದಾದರೆ ಗುಂಡೂ ಸಣ್ಣದಾಗುತ್ತದಲ್ಲ ಎಂಬುದು ಅವನ ವಾದ.

ಆಮೇಲೆ ಟೀವಿಗೆ ಸಿಕ್ಕಿಸಿ ಮನೆಯಲ್ಲೇ ಆಡುವ ಗೇಮುಗಳು ಊರಿಗೆ ಬಂದವು. ಅದರಲ್ಲೂ ವಿಮಾನದ ಆಟ ಇತ್ತು. ಅಣ್ಣ ಒಮ್ಮೆ ಆಡಿ ನೋಡಿ ಕೈಲಿದ್ದ ಪ್ಲಾಸ್ಟಿಕ್ಕನ್ನು ಚಾಪೆಯ ಮೇಲಿಟ್ಟ. "ಇದು ಆ ಆಟ ಅಲ್ಲ ಕಣಲೇ. ಅದರ ಹೆಣ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಮಶೀನಿನೊಳಗೆ ಟೀವಿಯನ್ನು ಉದ್ದಕ್ಕೆ ನಿಲ್ಲಿಸಿರುತ್ತಾರೆ, ಹಾಗಾಗಿ ಆಕಾಶ ಎತ್ತರ ಇರುತ್ತದೆ, ಶತ್ರು ದೂರದಿಂದ ಕಾಣುತ್ತಾನೆ. ಮನೆಯ ಟೀವಿ ಅಡ್ಡ. ಆಕಾಶವನ್ನು ತುಳಿದು ಚಪ್ಪಟೆ ಮಾಡಿದ ಹಾಗೆ, ಶತ್ರು ಕಾಣುವುದಕ್ಕೂ ನಾವು ಸಾಯುವುದಕ್ಕೂ ಹೆಚ್ಚು ಅಂತರವಿಲ್ಲ. ಅಲ್ಲಿ ಹಿಂಡು ಬರುತ್ತಿದ್ದರೆ ಇಲ್ಲಿ ಎರಡೋ ಮೂರೋ, ಅವೂ ಮಿಣುಕು ಮಿಣುಕು. ಅಲ್ಲಿ ಬಾಂಬು ಬಿದ್ದರೆ ಮಶೀನಿನ ಹಲಗೆ ನಡುಗಿ ಮೊಣಕಾಲಿಗೆ ತಾಗುತ್ತಿತ್ತು. ಇಲ್ಲಿ ಕುಕ್ಕರಿನ ಸೀಟಿ ಕೆಟ್ಟ ಹಾಗೆ ಒಂದು ಸದ್ದು. ಆದರೆ ಹುಡುಗರಿಗೆ ಇದೆಲ್ಲ ಬೇಕಿರಲಿಲ್ಲ. ಮನೆಯಲ್ಲಿ ಬಿಲ್ಲೆ ಹಾಕಬೇಕಾಗಿರಲಿಲ್ಲ, ಅಷ್ಟು ಸಾಕಾಗಿತ್ತು. ಅಂಗಡಿ ಮುಚ್ಚಿತು. ಮಶೀನುಗಳು ಒಂದೊಂದು ದಿಕ್ಕಿಗೆ ಹೋದವು. ನಕಲು ಕಂಡರೆ ಆಗದ ನಮ್ಮಣ್ಣ ಆಮೇಲೆ ಹೊಟ್ಟೆಪಾಡಿಗೆ ಇಟ್ಟದ್ದು ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ. ಸಾಯುವ ತನಕ ನಕಲು ತೆಗೆದ.

ರೂಪ ಸಿರಿಗೆರೆಯಿಂದ ಬಸ್ಸಿಳಿದು ಬಂದಾಗ ಅವಳ ಬ್ಯಾಗಿನಲ್ಲಿ ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ ಇತ್ತು. ಚಿತ್ರದುರ್ಗದ ಗೆಳತಿಯ ಮನೆಯಿಂದ ಇಸಿದುಕೊಂಡು ಬಂದಿದ್ದಳು. ಹಳೆಯ ಅಂಗಡಿ ಮಶೀನುಗಳ ಆಟಗಳನ್ನೆಲ್ಲ ಈಗ ಕಂಪನಿಯವರೇ ಮತ್ತೆ ಕಟ್ಟಿ ಮಾರುತ್ತಾರಂತೆ. ಟೀವಿಗೆ ಸಿಕ್ಕಿಸಿ ಹುಡುಕಿದಳು. ವಿಮಾನದ ಆಟ ಬಂತು. ಹಿಂಡು ಹಿಂಡಾಗಿ ಶತ್ರುಗಳು ಬಂದವು, ಸದ್ದೂ ಸರಿಯಾಗಿತ್ತು. ಆದರೆ ವಿಮಾನ ಬಿಳಿ.

"ಇದಲ್ಲ ಕಣಮ್ಮ. ನಮ್ದು ಹಸಿರು" ಅಂದೆ.

"ಅದೇ ಆಟ ಚಿಕ್ಕಪ್ಪ. ಮಶೀನಲ್ಲಿ ಏನಿತ್ತೋ ಅದನ್ನೇ ಹಾಕಿರ್ತಾರೆ."

"ನಿಮ್ಮಪ್ಪನ ಮಶೀನು ನಿಂಗೊತ್ತೋ ನಂಗೊತ್ತೋ? ಇವ್ರು ಬಣ್ಣ ಕೆಡಿಸಿಟ್ಟವ್ರೆ. ಮನೆ ಗೇಮಿನೋರ ಬುದ್ಧಿನೇ ಇಷ್ಟು."

ರೂಪ ಫೋನು ತೆಗೆದು ಒತ್ತಿ ನೋಡಿದಳು. ಸ್ವಲ್ಪ ಹೊತ್ತು ಓದಿ, ನನ್ನ ಮುಖ ನೋಡಿ, ಮೆತ್ತಗೆ ಹೇಳಿದಳು. "ಚಿಕ್ಕಪ್ಪ, ಒರಿಜಿನಲ್ ಬಿಳಿನೇ. ಮಶೀನೊಳಗಿನ ಬೋರ್ಡನ್ನ ಕದ್ದು ಕಾಪಿ ಮಾಡಿದ್ರೆ ಅದರಲ್ಲಿ ಬಣ್ಣ ಬದಲಾಯಿಸಿರ್ತಿದ್ರಂತೆ. ಹಸಿರಿತ್ತು ಅಂದ್ರೆ... ಅಪ್ಪಂದೇ ಡೂಪ್ಲಿಕೇಟು."

ಅಣ್ಣ ಸತ್ತ ದಿನ ಬಂದವರೆಲ್ಲ ಸಮಾಧಾನ ಹೇಳಿದ್ದರು. ಈ ಸುದ್ದಿಗೆ ಸಮಾಧಾನ ಹೇಳುವವರು ಯಾರೂ ಇರಲಿಲ್ಲ. ಜೀವಮಾನವಿಡೀ ನಕಲನ್ನು ಬೈದವನು ಅಪ್ಪಿಕೊಂಡು ಕೂತಿದ್ದದ್ದು ನಕಲಿ ಮಶೀನನ್ನು. ಅವನು ಹೆಣ ಎಂದು ಕರೆದದ್ದರ ಮೊಮ್ಮಗ ಈಗ ನಮ್ಮ ಮನೆಯಲ್ಲಿ ಅಸಲಿ ಎಂದು ಕೂತಿದೆ. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಒಂದು ಆಟ ಆಡಿದೆ, ಮೊದಲ ಹಿಂಡಿಗೇ ಸತ್ತೆ. ರೂಪ ಬಗ್ಗಿ ಒಂದು ಬಟನ್ ತೋರಿಸಿದಳು. "ಸತ್ರೆ ಇದನ್ನ ಒತ್ತಿ ಹಿಡ್ಕೊಳಿ ಚಿಕ್ಕಪ್ಪ, ಆಟ ಹಿಂದಕ್ಕೋಗುತ್ತೆ. ಸಾಯೋಕೆ ಮುಂಚೆ ಎಲ್ಲಿದ್ರೋ ಅಲ್ಲಿಗೆ." ಒತ್ತಿದೆ. ಚೂರಾದ ವಿಮಾನ ಮತ್ತೆ ಕೂಡಿಕೊಂಡಿತು, ಗುಂಡು ಶತ್ರುವಿನೊಳಕ್ಕೆ ವಾಪಸ್ ಹೋಯಿತು.

ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತಿಗೆ ಬಾಗಿಲಿಗೆ ಬಂದು ನಿಂತಿದ್ದಳು. "ಎಷ್ಟು ಹಿಂದಕ್ಕೋಗ್ತೈತೆ?" ಎಂದು ಕೇಳಿದಳು.

"ಸ್ವಲ್ಪ ಅಷ್ಟೇ ಅಮ್ಮ. ಅರ್ಧ ನಿಮಿಷ."

"ಅಷ್ಟೇನಾ" ಎಂದು ಅತ್ತಿಗೆ ಬೆಳ್ಳುಳ್ಳಿಯ ಹತ್ತಿರ ವಾಪಸ್ ಹೋದಳು.

ಮರುದಿನ ನಾನು ಹಿರಿಯೂರಿಗೆ ಹೊರಟೆ. ವಿಮಾನದ ಮಶೀನನ್ನು ಕೊಂಡವರು ಅಲ್ಲಿಯ ಬಾಬಣ್ಣ ಎಂಬವರು, ಆಗ ಹೋಟೆಲು ಇಟ್ಟಿದ್ದರು. ಅಸಲಿಯೋ ನಕಲಿಯೋ, ಅಣ್ಣನ ಕೈ ಆಡಿದ ಮಶೀನೇ ಸಿಕ್ಕರೆ ಟೆಂಪೋ ಮಾಡಿ ತಂದು ಎಡೆಯ ಮುಂದೆ ನಿಲ್ಲಿಸುವುದು ನನ್ನ ಯೋಚನೆ. ಬಸ್ಸಿನಲ್ಲಿ ಮಾರಿಕಣಿವೆ ದಾಟುವ ತನಕ ಟೆಂಪೋದವನ ಜೊತೆ ಮನಸ್ಸಿನಲ್ಲೇ ಬಾಡಿಗೆ ಚೌಕಾಶಿ ಮಾಡುತ್ತಿದ್ದೆ. ಬಾಬಣ್ಣನಿಗೆ ಈಗ ವಯಸ್ಸಾಗಿದೆ. ನಾನು ಯಾರ ತಮ್ಮ ಎಂದು ಹೇಳಿದ ಕೂಡಲೇ ಕೈ ಹಿಡಿದುಕೊಂಡರು.

"ತಿಪ್ಪೇಶ ಹೋಗ್ಬಿಟ್ನಾ? ಅಯ್ಯೋ ದೇವ್ರೇ. ಬರ್ರಿ, ಕುಂತ್ಕಳ್ರಿ. ಮಶೀನು ಐತೆ, ಎಲ್ಲೋಗ್ತೈತೆ? ಹಿತ್ಲಾಗೈತೆ. ಬರ್ರಿ ತೋರಿಸ್ತೀನಿ. ಮೆತ್ತಗೆ ಬರ್ರಿ, ಗಾಬರಿ ಆಗ್ತವೆ."

ಯಾರು ಗಾಬರಿಯಾಗುತ್ತಾರೆ ಎಂದು ಹಿತ್ತಲಿಗೆ ಹೋದ ಮೇಲೆ ತಿಳಿಯಿತು. ಮಶೀನು ಬೇವಿನ ಮರದ ಕೆಳಗೆ ನಿಂತಿತ್ತು. ಮಗ್ಗುಲಿನಲ್ಲಿ ಬೋರ್ಡು ಬರೆಯುವವನ ಕೈಯಲ್ಲಿ ಅಣ್ಣ ಬರೆಸಿದ್ದ ಹಸಿರು ವಿಮಾನ ಅರ್ಧ ಉದುರಿತ್ತು. ಸ್ಕ್ರೀನು ಇದ್ದ ಜಾಗಕ್ಕೆ ಕೋಳಿ ಜಾಲರಿ ಹೊಡೆದಿತ್ತು, ಒಳಗೆ ಹುಲ್ಲು, ಹುಲ್ಲಿನ ಮೇಲೆ ಒಂದು ಕೆಂಪು ಹೇಂಟೆ ಮೊಟ್ಟೆಯಿಡಲು ಕೂತಿತ್ತು. ಅಣ್ಣ ಅಷ್ಟು ವರ್ಷ ನೋಡಿದ ಜಾಗದಿಂದ ಅದು ನನ್ನನ್ನು ನೋಡಿತು.

"ಬೋರ್ಡು, ವೈರು, ಟೀವಿ ಎಲ್ಲಾ ಗುಜ್ರಿಗೋತು" ಎಂದರು ಬಾಬಣ್ಣ. "ಈ ಡಬ್ಬ ಮಾತ್ರ ಗಟ್ಟಿ ನೋಡ್ರಿ. ನಾಯಿ ಬರಲ್ಲ, ಹಾವು ಬರಲ್ಲ. ನಿಮ್ಮಣ್ಣ ಒಳ್ಳೆ ಮಾಲು ಕೊಟ್ಟಿದ್ದ." ಬೇಡವೆಂದರೂ ಕೇಳದೆ ಆ ಮಶೀನಿನಿಂದಲೇ ಮೊಟ್ಟೆ ತೆಗೆದು ಪೇಪರಿನಲ್ಲಿ ಕಟ್ಟಿಕೊಟ್ಟರು. ಬಸ್ಸಿನಲ್ಲಿ ಅವನ್ನು ಮಡಿಲಲ್ಲಿಟ್ಟುಕೊಂಡು, ಯಾರ ಮೊಣಕೈಯೂ ತಗುಲದ ಹಾಗೆ ಬಗ್ಗಿ ಕೂತು ಊರಿಗೆ ಬಂದೆ. ಪಕ್ಕದಲ್ಲಿ ಕೂತಿದ್ದವರು ನನಗೆ ಹೊಟ್ಟೆನೋವೆಂದು ತಿಳಿದು ಕಿಟಕಿ ಜಾಗ ಬಿಟ್ಟುಕೊಟ್ಟರು.

ಬೇರೆ ದಾರಿ ಇರಲಿಲ್ಲ. ಬಿಳಿ ವಿಮಾನವೇ ಗತಿ. ಕನಿಷ್ಠ ಆಕಾಶವಾದರೂ ಎತ್ತರ ಇರಲಿ ಎಂದು ನಾನು ಹಟ ಹಿಡಿದೆ. ಆ ಪೆಟ್ಟಿಗೆಯಲ್ಲಿ ಚಿತ್ರವನ್ನು ಮಗ್ಗುಲಿಗೆ ತಿರುಗಿಸುವ ಏರ್ಪಾಡು ಇತ್ತು, ಟೀವಿಯನ್ನೂ ತಿರುಗಿಸಿಟ್ಟರೆ ಮಶೀನಿನ ಹಾಗೆಯೇ ಕಾಣುತ್ತದೆ. ಹಬ್ಬದ ದಿನ ನಾನು, ರೂಪ ಸೇರಿ ನಡುಮನೆಯ ಟೀವಿಯನ್ನು ಎತ್ತಿ ಎಡೆಯ ಕೋಣೆಗೆ ತಂದು, ಉದ್ದಕ್ಕೆ ನಿಲ್ಲಿಸಿ, ಒಂದು ಕಡೆ ರಾಗಿ ಚೀಲ, ಇನ್ನೊಂದು ಕಡೆ ಸುಟ್ಟ ಮೋಟಾರು ಆನಿಸಿದೆವು. ಹಸಿರು ಪಾರದರ್ಶಕ ಹಾಳೆ ತಂದು ಮೇಲೆ ಅಂಟಿಸೋಣವೇ ಎಂದು ಬಾಯಿ ತೆರೆದವನು ರೂಪಳ ಮುಖ ನೋಡಿ ಮುಚ್ಚಿಕೊಂಡೆ.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಟೀವಿ ಯಾಕಲೇ ಹಿಂಗೆ ನಿಂತೈತೆ? ಬಿದ್ದು ಗಿದ್ದೀತು. ಊಟಕ್ಕೆ ಬಂದ ಹಿರೀಕ್ರು ಟೀವಿ ಹಿಡ್ಕಂಡು ನಿಂತ್ಕಂಬೇಕಾ?"

"ಅಣ್ಣನ ಮಶೀನು ಹಿಂಗೇ ಇತ್ತವ್ವ."

"ಹಂಗಾರೆ ಇರ್ಲಿ" ಅಂದಳು.

ಅಪ್ಪ, ಅಜ್ಜ, ಅಜ್ಜಿಯರ ಎಡೆಗಳ ಪಕ್ಕದಲ್ಲಿ ಅಣ್ಣನ ಎಲೆ. ಮುದ್ದೆ, ಮಟನ್ ಸಾರು, ಕರಿಗಡುಬು, ಹಿರಿಯೂರಿನ ಮೊಟ್ಟೆ ಬೇಯಿಸಿದ್ದು. ರೂಪ ಟೀವಿಯಲ್ಲಿ ಆಟ ಹಾಕಿದಳು, ನಾನು ಎಲೆಯ ತುದಿಗೆ ಆಟದ ರಿಮೋಟು ಇಟ್ಟೆ. ಅವ್ವ ಅದನ್ನು ಎತ್ತಿ ಎಡಗಡೆಗಿಟ್ಟು, "ಕೈ ತೊಳ್ಕಣಾಕೆ ಚೊಂಬಲ್ಲಿ ನೀರಿಡು ಶಾಂತ, ಸಾರಿನ ಕೈಲಿ ಒತ್ತಿ ಕೆಡಿಸ್ಯಾನು. ಅದು ಯಾರ್ದೋ ವಸ್ತು" ಅಂದಳು. ಅತ್ತಿಗೆ ನೀರಿಟ್ಟಳು. ಗಂಡನ ಫೋಟೊ ನೋಡದೆ, ಎಲೆಯನ್ನು ನೇರ ಮಾಡಿ ಮಾಡಿ ಎದ್ದಳು. ಊದುಬತ್ತಿ ಹಚ್ಚಿ, ಕೈ ಮುಗಿದು, ನಾವೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಂಡೆವು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಅಲ್ಲಿಯ ತನಕ ಮಾತಾಡದೆ ನಿಂತಿರಬೇಕು.

ನಿಂತಿದ್ದೆವು. ಅತ್ತಿಗೆ ಗೋಡೆ ನೋಡುತ್ತಿದ್ದಳು. ಗಂಡ ಬಂದನೋ, ಹೊಸ್ತಿಲಿಂದಲೇ ತಿರುಗಿ ಹೋದನೋ, ಅದನ್ನು ತಿಳಿಯುವುದಕ್ಕೆ ಅವಳಿಗೆ ಯಾವ ದಾರಿಯೂ ಇರಲಿಲ್ಲ. ಆಗ ಬಾಗಿಲ ಹಿಂದೆ ಸದ್ದಾಯಿತು. ಟುಯ್, ಟುಯ್, ಟುಯ್.

ಅವ್ವ ನನ್ನ ರಟ್ಟೆ ಹಿಡಿದಳು. "ಬಂದ" ಅಂದಳು. ಅತ್ತಿಗೆ ಗೋಡೆಗೆ ಹಣೆ ಹಚ್ಚಿ, ಇಷ್ಟು ತಿಂಗಳು ಅಳದೆ ಇದ್ದವಳು, ಸದ್ದಿಲ್ಲದೆ ಅಳತೊಡಗಿದಳು. "ಆಡ್ತಾವ್ರೆ" ಎಂದು ಮಾತ್ರ ಅಂದಳು.

ರೂಪ ನನ್ನ ಕಡೆ ನೋಡಿದಳು. ಯಾರೂ ಮುಟ್ಟದೆ ಬಿಟ್ಟರೆ ಆಟ ಸ್ವಲ್ಪ ಹೊತ್ತಿಗೆ ತನ್ನಷ್ಟಕ್ಕೆ ತಾನೇ ಆಡಿ ತೋರಿಸುತ್ತದೆ, ಗಿರಾಕಿಯನ್ನು ಕರೆಯಲಿಕ್ಕೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಅಣ್ಣನ ಮಶೀನೂ ಹಾಗೆ ಆಡುತ್ತಿತ್ತು, ಆದರೆ ಮೂಕವಾಗಿ. ಬಿಲ್ಲೆ ಹಾಕಿದವರಿಗೆ ಮಾತ್ರ ಅದು ಸದ್ದು ಕೊಡುತ್ತಿತ್ತು. ಹಿರಿಯೂರಿನಿಂದ ನಾನು ಆ ಮಶೀನನ್ನೇ ತಂದು ನಿಲ್ಲಿಸಿದ್ದರೆ ಈ ಹೊತ್ತಿನಲ್ಲಿ ಬಾಗಿಲ ಹಿಂದೆ ಏನೂ ಕೇಳಿಸುತ್ತಿರಲಿಲ್ಲ. ರೂಪ ತುಟಿ ತೆರೆದಳು. ನಾನು ಬೇಡವೆಂದು ತಲೆಯಾಡಿಸಿದೆ. ಅವಳು ತುಟಿ ಮುಚ್ಚಿ ಅಮ್ಮನ ಪಕ್ಕಕ್ಕೆ ಹೋಗಿ ನಿಂತಳು.

ತಾನೇ ಆಡುವ ಆಟದಲ್ಲಿ ಆಡುವವನು ಬಹಳ ದಡ್ಡ. ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ ಹೋಗುತ್ತಾನೆ, ಎರಡನೇ ಹಿಂಡಿಗೆ ಸಾಯುತ್ತಾನೆ. ಕಿವಿಗೊಟ್ಟು ಕೇಳಿದೆ. ಗುಂಡು, ಗುಂಡು, ಆಮೇಲೆ ವಿಮಾನ ಒಡೆಯುವ ಸದ್ದು, ಆಮೇಲೆ ಆಟ ಮುಗಿದ ರಾಗ.

"ಏನಾತಲೇ ಮಂಜ?" ಅವ್ವ ಪಿಸುಗುಟ್ಟಿದಳು. "ನಿಂಗೆ ಗೊತ್ತಾಗ್ತೈತಲ್ಲ. ಗೆದ್ನಾ?"

"ಗೆದ್ದ ಕಣವ್ವ" ಅಂದೆ.

ಕೆಮ್ಮಿ ಬಾಗಿಲು ತಟ್ಟಲು ಕೈ ಎತ್ತಿದೆ. ಅವ್ವ ಕೈ ಹಿಡಿದು ಕೆಳಗಿಳಿಸಿದಳು. "ತೆಗೀಬ್ಯಾಡ. ಗೆದ್ದವ್ನು ಇನ್ನೊಂದಾಟ ಆಡ್ದೆ ಏಳ್ತಾನಾ? ಆಡ್ಲಿ ಬಿಡು."

ಹಾಗಾಗಿ ನಿಂತೆವು. ಒಳಗೆ ಸಾರು ಆರುತ್ತಿತ್ತು, ಹೊರಗೆ ನಮಗೆ ಹಸಿವು. ಸದ್ದು ಮತ್ತೆ ಶುರುವಾಯಿತು, ಅದೇ ದಡ್ಡ ಅದೇ ಕಡೆ ಹೋಗಿ ಅದೇ ಜಾಗದಲ್ಲಿ ಸತ್ತ. ಅವ್ವ ನನ್ನ ಮುಖ ನೋಡಿದಳು, ಈ ಸಲ ಅತ್ತಿಗೆಯೂ ತಿರುಗಿ ನೋಡಿದಳು. ಗೆದ್ದ ಸದ್ದಿಗೂ ಸತ್ತ ಸದ್ದಿಗೂ ವ್ಯತ್ಯಾಸ ತಿಳಿಯುವ ಕಿವಿ ಆ ಮನೆಯಲ್ಲಿ ಇದ್ದದ್ದು ನನಗೊಬ್ಬನಿಗೆ. "ಇದನ್ನೂ ಗೆದ್ದ" ಎಂದೆ. ಅಣ್ಣ ಬದುಕಿದ್ದಾಗ ಎಂದೂ ಇಷ್ಟು ಆಟ ಒಂದೇ ಸಮನೆ ಗೆದ್ದಿರಲಿಲ್ಲ.